ತನ್ನ ಭಾರಕ್ಕೇ ಬಗ್ಗುವ ಪ್ಲೇಟು: ಲೆಕ್ಕ ತಪ್ಪಿದ್ದೆಲ್ಲಿ?

ಪ್ರಶ್ನೆ: ಸರ್, ಬಿಡುವಿನ ವೇಳೆಯಲ್ಲಿ ಒಂದು ಸಣ್ಣ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಕಟರ್ ಓಡಿಸಿ ಹಲಗೆ ಕೊರೆಯುವ ಯಂತ್ರ) ಕಟ್ಟುತ್ತಿದ್ದೇನೆ. ಅದರ ಮೇಜಿಗೆಂದು 1 ಮೀಟರ್ ಚೌಕದ, 6 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪ್ಲೇಟು ತಂದು, ನಾಲ್ಕು ಮೂಲೆಗೆ ನಾಲ್ಕು ಕಾಲು ಕೊಟ್ಟು ಕೂರಿಸಿದೆ. ಪುಸ್ತಕದ ಸೂತ್ರದ ಪ್ರಕಾರ ನಡುವೆ 0.47 ಮಿ.ಮೀ. ಮಾತ್ರ ತಗ್ಗಬೇಕು. ಮೂಲೆಯಿಂದ ಮೂಲೆಗೆ ಸಣ್ಣ ನೈಲಾನ್ ದಾರ ಬಿಗಿದು ಅಳೆದರೆ 3.4 ಮಿ.ಮೀ. ತಗ್ಗು ಬರುತ್ತಿದೆ. ನನಗೆ ಬೇಕಿರುವುದು ಅರ್ಧ ಮಿ.ಮೀ. ಒಳಗೆ. ಪ್ಲೇಟೇ ಕಳಪೆಯೇ? ಅಲ್ಯೂಮಿನಿಯಂ ಹಗುರ, ಅಷ್ಟು ಬಗ್ಗುವುದಿಲ್ಲ ಎಂದು ಒಬ್ಬ ಗೆಳೆಯ ಹೇಳುತ್ತಾನೆ. 12 ಮಿ.ಮೀ. ಪ್ಲೇಟು ಹಾಕು, ತಗ್ಗು ಎಂಟನೇ ಒಂದಕ್ಕೆ ಇಳಿಯುತ್ತದೆ ಎಂದು ಇನ್ನೊಬ್ಬ. ಹೀಗೇ ಬಿಟ್ಟರೆ ದಿನ ಕಳೆದಂತೆ ಇನ್ನೂ ಬಗ್ಗುತ್ತಾ ಹೋದೀತೇ ಎಂಬ ಭಯವೂ ಇದೆ.

ಉತ್ತರ: ಮೊದಲು ಭಯದ ಮಾತು ಮುಗಿಸೋಣ. ಈ ಪ್ಲೇಟು ಇನ್ನಷ್ಟು ಬಗ್ಗುತ್ತಾ ಹೋಗುವುದಿಲ್ಲ. ತನ್ನ ಭಾರದಿಂದ ಅದರ ನಡುಭಾಗದಲ್ಲಿ ಹುಟ್ಟುವ ಒತ್ತಡ 10 ಮೆಗಾಪ್ಯಾಸ್ಕಲ್‌ಗೂ ಕಡಿಮೆ. ಮೈಲ್ಡ್ ಸ್ಟೀಲ್ ಮತ್ತೆ ನೇರವಾಗದಂತೆ ಬಾಗಬೇಕಾದರೆ ಸುಮಾರು 250 ಮೆಗಾಪ್ಯಾಸ್ಕಲ್ ಬೇಕು. ಪ್ಲೇಟನ್ನು ಎತ್ತಿ ಲಂಬವಾಗಿ ನಿಲ್ಲಿಸಿದರೆ ಈ ತಗ್ಗು ಹೊರಟುಹೋಗುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಉಕ್ಕು ಇಷ್ಟು ಸಣ್ಣ ಒತ್ತಡಕ್ಕೆ ಕಾಲಕ್ರಮೇಣ ಜಗ್ಗುವ ವಸ್ತುವಲ್ಲ. ಆ ಗುಣ ಅಕ್ರಿಲಿಕ್, ಪಿವಿಸಿ, ಮರ, ಪ್ಲೈವುಡ್‌ಗಳದ್ದು. ಇವತ್ತು ಇಷ್ಟು ಬಗ್ಗಿದ ಮರದ ಕಪಾಟಿನ ಹಲಗೆ ವರ್ಷಗಳ ನಂತರ ಒಂದೂವರೆ, ಎರಡು ಪಟ್ಟು ಬಗ್ಗಿರುವುದನ್ನು ನೀವೂ ನೋಡಿರುತ್ತೀರಿ. ನಿಮ್ಮ ಮೇಜಿಗೆ ಆ ಚಿಂತೆ ಬೇಡ.

ಇನ್ನು ಲೆಕ್ಕ. ನೀವು ಗುಣಿಸಿದ್ದು, ಭಾಗಿಸಿದ್ದು ಎಲ್ಲಾ ಸರಿಯಿದೆ. ನಾನೂ ಮಾಡಿ ನೋಡಿದೆ, 0.47 ಬಂತು. ಪುಸ್ತಕದ ಸೂತ್ರವೂ ಸರಿ. ಆದರೆ ಆ ಸೂತ್ರ ಹೇಳುತ್ತಿರುವುದು ಬೇರೆ ಮೇಜಿನ ಕಥೆ: ನಾಲ್ಕೂ ಅಂಚುಗಳ ಉದ್ದಕ್ಕೂ ಗಟ್ಟಿ ಚೌಕಟ್ಟಿನ ಮೇಲೆ ಕುಳಿತ ಪ್ಲೇಟು. ನಿಮ್ಮದು ನಾಲ್ಕು ಮೂಲೆಗಳ ಮೇಲೆ ಮಾತ್ರ ಕುಳಿತಿದೆ. ಇವೆರಡರ ನಡುವಿನ ಅಂತರ ಸುಮಾರು ಆರು ಪಟ್ಟು.

ಇದೇ ತಪ್ಪನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಮಾಡಿದ್ದೆ. ತಪಾಸಣೆ ಮೇಜಿಗೆ ಹಾಕಿದ ಗಾಜಿನ ಪ್ಲೇಟು ನಾಲ್ಕು ರಬ್ಬರ್ ಗುಂಡಿಗಳ ಮೇಲೆ ಕೂತಿತ್ತು. ನಾನು ಲೆಕ್ಕ ಹಾಕಿದ್ದು ನಾಲ್ಕೂ ಅಂಚಿಗೆ ಆಸರೆ ಇದೆ ಎಂದುಕೊಂಡು. ಡಯಲ್ ಗೇಜ್ (ಸಣ್ಣ ಏರಿಳಿತವನ್ನು ಮುಳ್ಳಿನಿಂದ ತೋರಿಸುವ ಅಳತೆಯ ಸಾಧನ) ಹೇಳುತ್ತಿದ್ದ ಸಂಖ್ಯೆಯನ್ನು ನಂಬದೆ ಎರಡು ದಿನ ಗಾಜನ್ನೇ ಅನುಮಾನಿಸಿದೆ. ಅಂದಿನಿಂದ ಯಾವ ಪ್ಲೇಟಿನ ಲೆಕ್ಕ ಬಂದರೂ ದಪ್ಪ ಕೇಳುವ ಮೊದಲು ಅದನ್ನು ಎಲ್ಲಿ ಹಿಡಿದಿದ್ದಾರೆ ಎಂದು ಕೇಳುತ್ತೇನೆ.

ಲೆಕ್ಕವನ್ನು ಇನ್ನೊಮ್ಮೆ ಮೊದಲಿನಿಂದ ಹಾಕೋಣ, ಎಲ್ಲವನ್ನೂ ಮೀಟರ್, ನ್ಯೂಟನ್, ಪ್ಯಾಸ್ಕಲ್‌ಗಳಲ್ಲೇ. ಮಿ.ಮೀ. ಮತ್ತು ಮೀಟರ್ ಬೆರೆಸಿದರೆ ಉತ್ತರ ಸಾವಿರ ಪಟ್ಟು ಆಚೀಚೆ ಆಗುವುದು ಮಾಮೂಲು.

ಮೊದಲಿಗೆ ಪ್ರತಿ ಚದರ ಮೀಟರಿನ ಭಾರ. ಸಾಂದ್ರತೆ 7850, ಗುರುತ್ವ 9.81, ದಪ್ಪ 0.006. ಮೂರನ್ನೂ ಗುಣಿಸಿದರೆ 462 ಪ್ಯಾಸ್ಕಲ್. ಅಂದರೆ ನಿಮ್ಮ ಪ್ಲೇಟು 47 ಕೆ.ಜಿ. ತೂಗುತ್ತದೆ.

ಆಮೇಲೆ ಪ್ಲೇಟಿನ ಬಿಗಿತ, ಅಂದರೆ ಬಾಗಲು ಅದು ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದು. ಯಂಗ್ ಮಾಡ್ಯುಲಸ್ಸನ್ನು (ಎಳೆದಾಗ ಹಿಗ್ಗದಂತೆ ವಸ್ತು ಎಷ್ಟು ತಡೆಯುತ್ತದೆ ಎಂಬ ಸಂಖ್ಯೆ) ದಪ್ಪದ ಘನದಿಂದ ಗುಣಿಸಿ, ಅದನ್ನು 12 × (1 − ಪಾಯ್ಸಾನ್ ಅನುಪಾತದ ವರ್ಗ) ಇದರಿಂದ ಭಾಗಿಸಬೇಕು. ಪಾಯ್ಸಾನ್ ಅನುಪಾತ ಎಂದರೆ ಒಂದು ದಿಕ್ಕಿಗೆ ಎಳೆದಾಗ ವಸ್ತು ಹಿಗ್ಗಿದ್ದರ ಎಷ್ಟು ಪಾಲು ಅಡ್ಡಕ್ಕೆ ಕುಗ್ಗುತ್ತದೆ ಎಂಬುದು. ಉಕ್ಕಿಗೆ ಮಾಡ್ಯುಲಸ್ 200 ಗಿಗಾಪ್ಯಾಸ್ಕಲ್, ಅನುಪಾತ 0.3. ಬರುವುದು ಸುಮಾರು 3956 ನ್ಯೂಟನ್-ಮೀಟರ್.

ಕೊನೆಗೆ:

ನಡುವಿನ ತಗ್ಗು = ಗುಣಾಂಕ × ಭಾರ × (ಬದಿಯ ಉದ್ದ)⁴ ÷ ಬಿಗಿತ

ನಿಮ್ಮ ಬದಿ 1 ಮೀಟರ್ ಆದ್ದರಿಂದ ಘಾತ 4 ಇಲ್ಲಿ ತಣ್ಣಗಿದೆ. ಬದಿ 2 ಮೀಟರ್ ಆಗಿದ್ದರೆ ಅದೊಂದೇ 16 ಪಟ್ಟು ಏರಿಸಿಬಿಡುತ್ತಿತ್ತು.

ಆಸರೆಯ ಕಥೆಯೆಲ್ಲ ಅಡಗಿರುವುದು ಆ ‘ಗುಣಾಂಕ’ದಲ್ಲಿ. ಚೌಕ ಪ್ಲೇಟು ನಾಲ್ಕೂ ಅಂಚಿನ ಮೇಲೆ ಸುಮ್ಮನೆ ಕೂತಿದ್ದರೆ ಅದು 0.00406, ತಗ್ಗು ನೀವು ಕಂಡ 0.47 ಮಿ.ಮೀ. ಅಂಚುಗಳು ಕಿಂಚಿತ್ತೂ ತಿರುಗದಂತೆ ಕಚ್ಚಿ ಹಿಡಿದಿದ್ದರೆ 0.00126, ತಗ್ಗು 0.15 ಮಿ.ಮೀ. ಎದುರುಬದುರಿನ ಎರಡು ಅಂಚಿಗೆ ಮಾತ್ರ ಆಸರೆಯಿದ್ದರೆ ನಡುವೆ 0.013, ತಗ್ಗು 1.5 ಮಿ.ಮೀ.; ಆಸರೆಯಿಲ್ಲದ ಅಂಚಿನ ನಡುವೆ ಇನ್ನೂ ಸ್ವಲ್ಪ ಹೆಚ್ಚು. ನಾಲ್ಕು ಮೂಲೆಗೆ ಮಾತ್ರ ಆಸರೆ ಇದ್ದರೆ ಗುಣಾಂಕ ಸುಮಾರು 0.025, ತಗ್ಗು 2.9 ಮಿ.ಮೀ. ಒಂದೇ ಪ್ಲೇಟು, ಒಂದೇ ಭಾರ. ಹಿಡಿದ ರೀತಿ ಬದಲಾದರೆ 0.15ರಿಂದ 2.9ರವರೆಗೆ.

ಮೂಲೆಯ ಆಸರೆ ಇಷ್ಟು ದುಬಾರಿ ಏಕೆ? ಚೌಕಟ್ಟಿನ ಮೇಲೆ ಕೂತಾಗ ಅಂಚು ಕೆಳಗಿಳಿಯುವಂತಿಲ್ಲ, ನಡುಭಾಗದ ಭಾರ ನಾಲ್ಕೂ ದಿಕ್ಕಿಗೆ ಹತ್ತಿರದ ದಾರಿ ಹಿಡಿದು ಹೋಗುತ್ತದೆ. ಚೌಕಟ್ಟು ತೆಗೆದು ಮೂಲೆಗಳನ್ನಷ್ಟೇ ಬಿಟ್ಟರೆ ಅಂಚುಗಳೇ ತೊಲೆಗಳಾಗಿ ದುಡಿಯಬೇಕು. 6 ಮಿ.ಮೀ. ದಪ್ಪದ ತೊಲೆ ಎಂಥ ತೊಲೆ? ಅದು ಜಗ್ಗುತ್ತದೆ, ಜಗ್ಗಿದ ಅಂಚುಗಳಿಂದ ನಡುಭಾಗ ಇನ್ನಷ್ಟು ಕೆಳಗೆ ತೂಗುತ್ತದೆ. ಎರಡೂ ತಗ್ಗು ಒಂದರ ಮೇಲೊಂದು ಸೇರುತ್ತವೆ.

ಪುಸ್ತಕದ ಸೂತ್ರಗಳ ಮಿತಿಯನ್ನೂ ಹೇಳಿಬಿಡುತ್ತೇನೆ. ತಗ್ಗು ದಪ್ಪದ ಅರ್ಧದಷ್ಟಾಗುವವರೆಗೆ ಈ ಲೆಕ್ಕವನ್ನು ನಂಬಬಹುದು. ನಿಮ್ಮದು ಆ ಗಡಿಯ ಬಳಿಯಲ್ಲೇ ಇದೆ. ಅದು ದಾಟಿದರೆ ಪ್ಲೇಟು ಬಾಗುವುದರ ಜೊತೆಗೆ ಹಿಗ್ಗಲೂ ತೊಡಗಿ ಬಿಗಿಯಾಗುತ್ತದೆ, ಆಗ ಈ ಸೂತ್ರ ನಿಜಕ್ಕಿಂತ ಹೆಚ್ಚಿನ ತಗ್ಗು ತೋರಿಸುತ್ತದೆ. ಚೌಕಟ್ಟಿನ ಮೇಲೆ ಸುಮ್ಮನಿಟ್ಟ ಪ್ಲೇಟಿನ ಮೂಲೆಗಳು ಸ್ವಲ್ಪ ಮೇಲೇಳಲು ನೋಡುತ್ತವೆ ಎಂಬುದೂ ಗೊತ್ತಿರಲಿ. ಸೂತ್ರ ಅವನ್ನು ಒತ್ತಿ ಹಿಡಿದಿದೆ ಎಂದುಕೊಂಡಿರುತ್ತದೆ. ‘ಅಂಚಿಗೆ ಬೋಲ್ಟ್ ಹಾಕಿದ್ದೇನೆ, ಆದ್ದರಿಂದ 0.00126’ ಎಂದು ಹಾಕುವವರನ್ನು ಬಹಳ ನೋಡಿದ್ದೇನೆ. ತೆಳು ಆ್ಯಂಗಲ್‌ಗೆ ಬಿಗಿದ ಬೋಲ್ಟು ಅಂಚು ತಿರುಗುವುದನ್ನು ತಡೆಯುವುದಿಲ್ಲ, ಆ್ಯಂಗಲ್ಲೇ ಜೊತೆಗೆ ತಿರುಗುತ್ತದೆ. ಬೋಲ್ಟ್ ಇದ್ದರೂ 0.00406ನ್ನೇ ಹಾಕಿಕೊಳ್ಳಿ.

ಈಗ ನಿಮ್ಮ ಅಳತೆ 3.4, ಲೆಕ್ಕ 2.9. ಉಳಿದ ಅರ್ಧ ಮಿ.ಮೀ. ಎಲ್ಲಿಂದ ಬಂತು? ಬಹುಶಃ ಪ್ಲೇಟು ಮೊದಲಿನಿಂದಲೇ ಅಷ್ಟು ಡೊಂಕಿದೆ. ರೋಲಿಂಗ್ ಮಾಡಿ ಬಂದ ಪ್ಲೇಟಿನಲ್ಲಿ ಮೀಟರಿಗೆ ಕೆಲವು ಮಿ.ಮೀ. ಡೊಂಕು ಇರುವುದು ಸಹಜ, ಅದನ್ನು ಕಳಪೆ ಎನ್ನಲಾಗದು. ಇದನ್ನು ಖಚಿತಪಡಿಸಿಕೊಳ್ಳಲು ಒಂದು ಸುಲಭದ ದಾರಿಯಿದೆ. ಇಬ್ಬರು ಸೇರಿ ಪ್ಲೇಟನ್ನು ಮಗುಚಿ, ಅದೇ ನಾಲ್ಕು ಕಾಲಿನ ಮೇಲಿಟ್ಟು ಮತ್ತೆ ಅಳೆಯಿರಿ. ಭಾರದ ತಗ್ಗು ಎರಡೂ ಸಲ ಕೆಳಗೇ ಇರುತ್ತದೆ, ಡೊಂಕು ಮಾತ್ರ ದಿಕ್ಕು ಬದಲಿಸುತ್ತದೆ. ಎರಡು ಅಳತೆಯ ಸರಾಸರಿ ಭಾರದಿಂದ ಬಂದ ತಗ್ಗು, ಅವುಗಳ ವ್ಯತ್ಯಾಸದ ಅರ್ಧ ಹುಟ್ಟು ಡೊಂಕು. ನನ್ನ ಊಹೆ ಸರಿಯಿದ್ದರೆ ಮಗುಚಿದಾಗ 2.4ರ ಆಸುಪಾಸು ಬರಬೇಕು.

ದಾರ ಬಿಗಿದು ಅಳೆದದ್ದು ಒಳ್ಳೆಯ ಬುದ್ಧಿ. ಸಣ್ಣ ನೈಲಾನ್ ದಾರವನ್ನು ಒಂದು ಕೆ.ಜಿ.ಯಷ್ಟು ಬಿಗಿದರೆ ಅದರ ಜೋಲು ಮಿ.ಮೀ.ನ ನೂರನೇ ಒಂದೆರಡು ಭಾಗ ಮಾತ್ರ. ಅದರ ಬದಲು 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯನ್ನು ಸ್ಟ್ರೇಟ್ ಎಡ್ಜ್ (ನೇರತನ ನೋಡುವ ಪಟ್ಟಿ) ಎಂದು ಮಲಗಿಸಿದ್ದರೆ, ಮೂಲೆಯಿಂದ ಮೂಲೆಗೆ ಅದೇ 6 ಮಿ.ಮೀ.ಗಿಂತ ಹೆಚ್ಚು ಜಗ್ಗಲು ನೋಡಿ ಪ್ಲೇಟಿನ ಮೇಲೇ ಕೂತುಬಿಡುತ್ತಿತ್ತು. ‘ತಗ್ಗೇ ಇಲ್ಲ’ ಎಂದು ನೀವು ನೆಮ್ಮದಿಯಾಗಿರುತ್ತಿದ್ದಿರಿ. ಅದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಜಗ್ಗುವುದು 0.1 ಮಿ.ಮೀ.ಗೂ ಕಡಿಮೆ.

ಗೆಳೆಯರ ಸಲಹೆಗೆ ಬರೋಣ. ಅಲ್ಯೂಮಿನಿಯಂ ಹಗುರ ಎಂಬುದು ನಿಜ. ಉಕ್ಕಿನ ಮೂರನೇ ಒಂದು ಭಾಗದಷ್ಟೇ ತೂಕ. ಆದರೆ ಅದರ ಯಂಗ್ ಮಾಡ್ಯುಲಸ್ಸೂ ಸುಮಾರು ಮೂರನೇ ಒಂದೇ, 70 ಗಿಗಾಪ್ಯಾಸ್ಕಲ್. ಭಾರ ಎಷ್ಟು ಇಳಿಯಿತೋ ಬಿಗಿತವೂ ಅಷ್ಟೇ ಇಳಿಯಿತು. ಅದೇ ಅಳತೆಯ ಪ್ಲೇಟನ್ನು ನಾಲ್ಕೂ ಅಂಚಿನ ಮೇಲೆ ಕೂರಿಸಿ ಲೆಕ್ಕ ಹಾಕಿದರೆ ಉಕ್ಕು 0.47, ಅಲ್ಯೂಮಿನಿಯಂ 0.46, ಕಿಟಕಿಯ ಗಾಜು 0.45 ಮಿ.ಮೀ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಮೂರು ವಸ್ತುಗಳು ತಮ್ಮ ಭಾರಕ್ಕೆ ಹೆಚ್ಚುಕಡಿಮೆ ಸಮನಾಗಿ ಬಗ್ಗುತ್ತವೆ. ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನು ಮೂರು ಬಾರಿ ಪರೀಕ್ಷಿಸಿದ್ದೆ. ಇಲ್ಲಿ ನೋಡಬೇಕಾದದ್ದು ಮಾಡ್ಯುಲಸ್ಸನ್ನು ಸಾಂದ್ರತೆಯಿಂದ ಭಾಗಿಸಿದ ಸಂಖ್ಯೆಯನ್ನು, ಬರೀ ಹಗುರತನವನ್ನಲ್ಲ. ಅಕ್ರಿಲಿಕ್ ಉಕ್ಕಿಗಿಂತ ಎಷ್ಟೋ ಹಗುರ, ಆದರೆ ಮಾಡ್ಯುಲಸ್ ಬರೀ 3 ಗಿಗಾಪ್ಯಾಸ್ಕಲ್ ಆಗಿರುವುದರಿಂದ ಅದೇ ಲೆಕ್ಕದಲ್ಲಿ 4.5 ಮಿ.ಮೀ. ತಗ್ಗುತ್ತದೆ. ಹಾಗೆಯೇ ‘ಹೆಚ್ಚು ಗಟ್ಟಿಯ ಉಕ್ಕು’ ತಂದರೂ ಪ್ರಯೋಜನವಿಲ್ಲ. ಉಕ್ಕನ್ನು ಹದ ಮಾಡಿದರೆ ಅದು ಶಾಶ್ವತವಾಗಿ ಬಾಗುವ ಮಿತಿ ಏರುತ್ತದೆ, ಮಾಡ್ಯುಲಸ್ ಇದ್ದಲ್ಲೇ ಇರುತ್ತದೆ.

12 ಮಿ.ಮೀ. ಹಾಕಿ ಎಂದ ಗೆಳೆಯರ ಮಾತು ಅರ್ಧ ಸರಿ. ದಪ್ಪ ದುಪ್ಪಟ್ಟಾದರೆ ಬಿಗಿತ ಎಂಟು ಪಟ್ಟಾಗುವುದು ಹೌದು. ಮೇಲಿಂದ ಇಟ್ಟ ಹೊರೆಗೆ ತಗ್ಗು ಎಂಟನೇ ಒಂದಕ್ಕೆ ಇಳಿಯುತ್ತದೆ. ಆದರೆ ಇಲ್ಲಿ ಹೊರೆ ಎಂದರೆ ಪ್ಲೇಟೇ. ಅದರ ಭಾರವೂ ದುಪ್ಪಟ್ಟಾಯಿತು. ಎಂಟರಲ್ಲಿ ಎರಡು ಹೋಗಿ, ಉಳಿಯುವ ಲಾಭ ನಾಲ್ಕು ಪಟ್ಟು. ಮೂಲೆಗಳ ಮೇಲೆಯೇ ಕೂರಿಸಿದರೆ 2.9 ಇಳಿದು 0.73 ಆಗುತ್ತದೆ. 94 ಕೆ.ಜಿ. ಉಕ್ಕು ಹೊತ್ತು ತಂದ ಮೇಲೂ ನಿಮ್ಮ ಅರ್ಧ ಮಿ.ಮೀ. ಸಿಗಲಿಲ್ಲ.

ಹಾಗಾದರೆ ದಾರಿ? ಪ್ಲೇಟು ಬದಲಿಸಬೇಡಿ, ಕಾಲು ಸರಿಸಿ.

ಎರಡು ತುದಿಯಲ್ಲಿ ಆಸರೆ ಕೊಟ್ಟ ಒಂದು ಪಟ್ಟಿಯನ್ನು ಊಹಿಸಿಕೊಳ್ಳಿ. ನಡುವೆ ಜಗ್ಗುತ್ತದೆ. ಆಸರೆಗಳನ್ನು ಒಳಕ್ಕೆ ಸರಿಸುತ್ತಾ ಹೋದರೆ ಹೊರಚಾಚಿದ ತುದಿಗಳು ತಮ್ಮ ಭಾರದಿಂದ ಕೆಳಗಿಳಿಯುತ್ತಾ ನಡುಭಾಗವನ್ನು ಮೇಲೆತ್ತುತ್ತವೆ. ಪ್ರತಿ ತುದಿಯಿಂದ ಒಟ್ಟು ಉದ್ದದ 22.3 ಶೇಕಡಾ ದೂರಕ್ಕೆ ಬಂದಾಗ ತುದಿಯ ತಗ್ಗೂ ನಡುವಿನ ತಗ್ಗೂ ಸಮವಾಗುತ್ತವೆ. ಆಗ ಉಳಿಯುವ ತಗ್ಗು ಮೊದಲಿನದರ 48ನೇ ಒಂದು ಪಾಲು. ಒಂದು ರೂಪಾಯಿಯ ಸಾಮಾನೂ ಸೇರಿಸದೆ 48 ಪಟ್ಟು ಲಾಭ. ವಿನ್ಯಾಸದ ಕೆಲಸದಲ್ಲಿ ಇಂಥ ವರ ಅಪರೂಪ.

ಇದು ಕುಶಲಕರ್ಮಿಗಳ ಕೈಚಳಕ ಮಾತ್ರವಲ್ಲ. ಮೀಟರ್ ಎಂಬ ಅಳತೆಯೇ ಒಂದು ಲೋಹದ ಸರಳಿನ ಮೇಲಿನ ಎರಡು ಗೀರುಗಳ ಅಂತರವಾಗಿದ್ದ ಕಾಲದಲ್ಲಿ, 1927ರ ಅಧಿಕೃತ ವ್ಯಾಖ್ಯೆಯಲ್ಲಿ ಆ ಸರಳನ್ನು 571 ಮಿ.ಮೀ. ಅಂತರದ ಎರಡು ಉರುಳೆಗಳ ಮೇಲೆ ಇಡಬೇಕೆಂದು ಬರೆದಿತ್ತು. ಎಲ್ಲಿ ಹಿಡಿದಿದ್ದೇವೆ ಎಂದು ಹೇಳದೆ ಮೀಟರ್ ಎಷ್ಟುದ್ದ ಎಂದು ಹೇಳಲು ಆಗುತ್ತಿರಲಿಲ್ಲ. ದೊಡ್ಡ ದೂರದರ್ಶಕಗಳ ಕನ್ನಡಿಗಳನ್ನು 9, 18 ಬಿಂದುಗಳ ಮೇಲೆ ಹಂಚಿ ಕೂರಿಸುವುದರ ಹಿಂದಿರುವುದೂ ಇದೇ ವಿಚಾರ.

ನಿಮ್ಮ ಮೇಜಿಗೆ ನಾನು ಹೇಳುವ ಜೋಡಣೆ ಹೀಗಿದೆ. 40 × 40 ಮಿ.ಮೀ., 3 ಮಿ.ಮೀ. ಗೋಡೆಯ ಚೌಕ ಪೈಪಿನ ಒಂದೊಂದು ಮೀಟರಿನ ಎರಡು ತುಂಡು ತನ್ನಿ. ಪ್ಲೇಟಿನ ಎದುರುಬದುರು ಅಂಚುಗಳಿಂದ 223 ಮಿ.ಮೀ. ಒಳಗೆ ಅವನ್ನು ಸಮಾನಾಂತರವಾಗಿ ಇಡಿ. ಪೈಪಿನ ಕಾಲುಗಳನ್ನೂ ಪೈಪಿನ ತುದಿಯಿಂದ 223 ಮಿ.ಮೀ. ಒಳಗೇ ಕೊಡಿ. ಕಾಲು ಈಗಲೂ ನಾಲ್ಕೇ. ಪ್ಲೇಟಿನ ತಗ್ಗು ಸುಮಾರು 0.03 ಮಿ.ಮೀ.ಗೆ ಇಳಿಯುತ್ತದೆ, ಪೈಪಿನದು ಅದರ ಏಳೆಂಟನೇ ಒಂದು ಪಾಲು. ಎಲ್ಲಾ ಸೇರಿ 0.05 ದಾಟುವುದಿಲ್ಲ. ಆ ಒಂದು ಪೈಪಿನ ಶಕ್ತಿ ಎಷ್ಟೆಂದು ತಿಳಿಯಬೇಕಾದರೆ ಜಡತ್ವ ಮಹತ್ವ (ಅಡ್ಡಕೊಯ್ತದ ಆಕಾರ ಬಾಗುವುದನ್ನು ಎಷ್ಟು ತಡೆಯುತ್ತದೆ ಎಂಬ ಸಂಖ್ಯೆ) ನೋಡಿ: ಒಂದು ಮೀಟರ್ ಅಗಲದ ನಿಮ್ಮ ಇಡೀ ಪ್ಲೇಟಿನದು 1.8 ಸೆಂ.ಮೀ.⁴, ಮೂರೂವರೆ ಕೆ.ಜಿ. ತೂಕದ ಒಂದು ಪೈಪಿನದು 10. ಆಳ ಇರುವಲ್ಲಿ ಬಿಗಿತ ಇರುತ್ತದೆ.

ಪೈಪು ಬೇಡವೆಂದು ನಾಲ್ಕು ಕಾಲುಗಳನ್ನೇ ನೇರವಾಗಿ ಅಷ್ಟು ಒಳಕ್ಕೆ ಸರಿಸಿದರೂ ತಗ್ಗು ಈಗಿನದರ ಹತ್ತನೇ ಒಂದಕ್ಕಿಂತ ಕೆಳಗಿಳಿಯುತ್ತದೆ. ಅದೂ ನಿಮ್ಮ ಮಿತಿಯೊಳಗೇ.

ಇದರಲ್ಲಿ ಒಂದು ಅಪಾಯವಿದೆ, ಮರೆಯಬೇಡಿ. ಕಾಲು ಒಳಗೆ ಬಂದಷ್ಟೂ ಮೇಜು ಮಗುಚಿಕೊಳ್ಳುವುದು ಸುಲಭ. 47 ಕೆ.ಜಿ. ಪ್ಲೇಟಿನ ಅಂಚಿನ ಮೇಲೆ 58 ಕೆ.ಜಿ.ಯಷ್ಟು ಭಾರ ಬಿದ್ದರೆ ಇನ್ನೊಂದು ಬದಿ ಏಳುತ್ತದೆ. ಒಬ್ಬ ವಯಸ್ಕ ಅಂಚಿನ ಮೇಲೆ ಕೂತರೆ ಸಾಕು. ಆದ್ದರಿಂದ ಪ್ಲೇಟನ್ನು ಪೈಪಿಗೆ, ಕಾಲನ್ನು ನೆಲಕ್ಕೋ ಭಾರವಾದ ಅಡಿಚೌಕಟ್ಟಿಗೋ ಬೋಲ್ಟ್ ಹಾಕಿ ಹಿಡಿಸಿ.

ಪೈಪನ್ನು ಪ್ಲೇಟಿಗೆ ಉದ್ದಕ್ಕೂ ವೆಲ್ಡ್ ಮಾಡಿಸಬೇಡಿ. ವೆಲ್ಡ್ ತಣಿಯುವಾಗ ಕುಗ್ಗಿ ಪ್ಲೇಟನ್ನು ಎಳೆಯುತ್ತದೆ, ನೀವು ಹೋಗಲಾಡಿಸಹೊರಟ ತಗ್ಗಿಗಿಂತ ಹೆಚ್ಚಿನ ಡೊಂಕು ಬರಬಹುದು. ಹೀಗೆ ಕೆಟ್ಟ ಮೇಜುಗಳು ನನ್ನ ಬಳಿ ಬಂದಾಗ ಸರಿಪಡಿಸಲು ಪ್ಲೇಟನ್ನೇ ಬದಲಿಸಬೇಕಾಗಿ ಬಂದಿದೆ. ಬೋಲ್ಟ್ ಸಾಕು. ಬೋಲ್ಟ್ ಬಿಗಿಯುವ ಮುನ್ನ ಪೈಪಿಗೂ ಪ್ಲೇಟಿಗೂ ನಡುವೆ ಎಲ್ಲಿ ಸಂದು ಇದೆಯೆಂದು ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ, ಅಲ್ಲಿ ಶಿಮ್ (ಸಂದು ತುಂಬುವ ತೆಳು ತಗಡು) ತುಂಬಿ. ಸಂದು ಬಿಟ್ಟು ಬಿಗಿದರೆ ಬೋಲ್ಟು ಪ್ಲೇಟನ್ನು ಪೈಪಿನ ಆಕಾರಕ್ಕೆ ಬಗ್ಗಿಸುತ್ತದೆ.

ಈಗಿರುವಂತೆಯೇ ಬಿಟ್ಟು ನಡುವೆ ಐದನೇ ಕಾಲಾಗಿ ಒಂದು ಸ್ಕ್ರೂ ಜ್ಯಾಕ್ ಕೊಡಬಹುದು, ತಾತ್ಕಾಲಿಕಕ್ಕೆ ಪರವಾಗಿಲ್ಲ. ಆದರೆ ಅರ್ಧ ಸುತ್ತು ಹೆಚ್ಚಾದರೆ ಪ್ಲೇಟು ಗುಬ್ಬಿಯಾಗಿ ಮೇಲೇಳುತ್ತದೆ. ನೆಲ ಒಂದಿಷ್ಟು ಕುಸಿದರೆ ಐದರಲ್ಲಿ ಯಾವುದೋ ಒಂದು ಕಾಲು ಕೆಲಸ ನಿಲ್ಲಿಸಿರುತ್ತದೆ, ಯಾವುದೆಂದು ತಿಳಿಯುವುದಿಲ್ಲ. ಅಳತೆಗೆ ಸಮತಲವಾಗಿ ಬಳಸುವ ನಿಖರವಾದ ಸರ್ಫೇಸ್ ಪ್ಲೇಟುಗಳನ್ನು ಮೂರೇ ಬಿಂದುಗಳ ಮೇಲೆ ಕೂರಿಸುವುದು ಈ ಗೊಂದಲ ಬೇಡವೆಂದೇ.

ಭಾರದ ತಗ್ಗು ಹೋದ ಮೇಲೂ ಹುಟ್ಟು ಡೊಂಕಿನ ಅರ್ಧ ಮಿ.ಮೀ. ಉಳಿದಿರುತ್ತದೆ. ಆಸರೆ ಸರಿಸಿದರೆ ಅದು ಮಾಯವಾಗದು. ನಿಮಗೆ ರೂಟರ್ ಇರುವುದು ಅನುಕೂಲ. ಎಲ್ಲವನ್ನೂ ಅಂತಿಮವಾಗಿ ಜೋಡಿಸಿದ ಮೇಲೆ 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯೊಂದನ್ನು ಪ್ಲೇಟಿನ ಮೇಲೆ ಕಚ್ಚಿಸಿ, ಯಂತ್ರದಿಂದಲೇ ಅದರ ಮೇಲ್ಮೈಯನ್ನು ತೆಳುವಾಗಿ ಒಮ್ಮೆ ಹೆರೆಯಿರಿ. ಮೇಜು ಎಷ್ಟೇ ಡೊಂಕಿರಲಿ, ಹಲಗೆಯ ಮೇಲ್ಮೈ ಕಟರ್ ಓಡಾಡುವ ಸಮತಲಕ್ಕೆ ಸರಿಹೊಂದುತ್ತದೆ. ಈ ಕೆಲಸವನ್ನು ಆಸರೆ ಸರಿಪಡಿಸಿದ ಮೇಲೆಯೇ ಮಾಡಿ. ಹಲಗೆಯ ತೂಕವೇ ಸುಮಾರು 13 ಕೆ.ಜಿ., ಈಗಿನ ಮೂಲೆಯ ಕಾಲುಗಳ ಮೇಲೆ ಹಾಕಿದರೆ ತಗ್ಗು ಈಗಿನದರ ನಾಲ್ಕನೇ ಒಂದು ಭಾಗಕ್ಕಿಂತಲೂ ಹೆಚ್ಚು ಏರುತ್ತದೆ. ಎಂಡಿಎಫ್ ತೇವ ಹೀರಿ ಉಬ್ಬುವುದರಿಂದ ಆಗಾಗ ಮತ್ತೆ ಹೆರೆಯಬೇಕಾಗುತ್ತದೆ.

ರೂಟರಿನ ಗ್ಯಾಂಟ್ರಿ (ಕಟರನ್ನು ಹೊತ್ತು ಮೇಜಿನ ಮೇಲೆ ಓಡಾಡುವ ಅಡ್ಡ ಕಮಾನು) ಓಡುವ ಹಳಿಗಳನ್ನು ಈ ಪ್ಲೇಟಿನ ಮೇಲೆ ಕೂರಿಸುವ ಯೋಚನೆ ಇದ್ದರೆ ಕೈಬಿಡಿ. ಗ್ಯಾಂಟ್ರಿ ಆಚೀಚೆ ಸರಿದಂತೆ ಹೊರೆಯ ಜಾಗ ಬದಲಾಗುತ್ತದೆ, ಹೊರಚಾಚಿದ ಅಂಚು ಪ್ರತಿ ಸಲವೂ ಬೇರೆ ಬೇರೆಯಾಗಿ ಬಗ್ಗುತ್ತದೆ, ಅದನ್ನು ಹೆರೆದು ಸರಿಮಾಡಲು ಬರುವುದಿಲ್ಲ. ಹಳಿಗಳಿಗೆ ಬೇರೆ ಚೌಕಟ್ಟು ಬೇಕು.

ಪೈಪಿಗೆ ತೂತು ಕೊರೆಯುವ ಮೊದಲು ಪ್ಲೇಟನ್ನು ಮಗುಚಿ ಅಳೆದುಕೊಳ್ಳಿ. ಉಬ್ಬಿರುವ ಮುಖ ಮೇಲೆ ಬರುವಂತೆ ಕೂರಿಸಿದರೆ ಎಂಡಿಎಫ್ ಹಲಗೆ ನಡುವೆ ತಗುಲಿ ನಿಲ್ಲುತ್ತದೆ, ಅದರ ಅಂಚುಗಳನ್ನು ಸ್ಕ್ರೂ ಹಾಕಿ ಕೆಳಗೆಳೆದುಕೊಳ್ಳಬಹುದು. ತಗ್ಗಿನ ಮುಖ ಮೇಲೆ ಬಂದರೆ ಹಲಗೆಯ ನಡುವೆ ಕೆಳಗೆ ಟೊಳ್ಳು ಉಳಿದು, ಕಟರ್ ಒತ್ತಿದಾಗ ಅಲ್ಲಿ ಕುಣಿಯುತ್ತದೆ.